ಗಿಡ ನೆಡುವ ಮೊದಲು ಪುಟ್ಲಿಯನ್ನೊಮ್ಮೆ ಕೇಳಿ

ಕಳೆದ ವಾರ ರಾತ್ರಿ ಹತ್ತು ಗಂಟೆಗೆ ಊರಿನಿಂದ ಗೆಳೆಯನ ಫೋನು. ಆಫೀಸಿನಿಂದ ಬಂದು ಕುಕ್ಕರ್ ಇಟ್ಟು, ಮೂರನೇ ಸೀಟಿಗಾಗಿ ಕಾಯ್ತಾ ಕೂತಿದ್ದೆ.

"ಎಂತ ಮಾರಾಯ, ಆರಾಮಾ? ಈ ಸಲ ನಮ್ಮ ಯುವಕ ಮಂಡಲದಿಂದ ದೊಡ್ಡ ವನಮಹೋತ್ಸವ ಉಂಟು. ಪದವಿನಲ್ಲಿ ಐನೂರು ಗಿಡ ನೆಡುವ ಅಂತ. ನಿನ್ನ ಲೆಕ್ಕದಲ್ಲಿ ಎಷ್ಟು ಬರೀಲಿ?"

"ಯಾವ ಪದವು?"

"ಅದೇ, ನಾವು ಕ್ರಿಕೆಟ್ ಆಡ್ತಿದ್ದದ್ದು. ಸುಮ್ಮನೆ ಪಾಳು ಬಿದ್ದಿದೆ. ಅಲ್ಲಿ ಎಂತ ಉಂಟು?"

"ಒಂದು ರೂಪಾಯಿ ಕೊಡುವುದಿಲ್ಲ. ನೀವೂ ನೆಡಬೇಡಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ನಿನ್ನ ಮಂಡೆ ಸಮ ಉಂಟಾ?" ಅಂತ ಕೇಳಿ ಫೋನ್ ಇಟ್ಟ. ಅವನದ್ದೇನೂ ತಪ್ಪಿಲ್ಲ. ಗಿಡ ನೆಡಬೇಡಿ ಅನ್ನುವವನು ಈ ಕಾಲದಲ್ಲಿ ಒಂದೋ ರಿಯಲ್ ಎಸ್ಟೇಟಿನವನಾಗಿರಬೇಕು, ಇಲ್ಲವೇ ತಲೆ ಕೆಟ್ಟವನಾಗಿರಬೇಕು. ನಾನು ಎರಡೂ ಅಲ್ಲ ಅಂತ ಸಾಬೀತು ಮಾಡಲಿಕ್ಕೆ ಈ ಬರಹ. ಸ್ವಲ್ಪ ಉದ್ದ ಆಗ್ತದೆ, ಬ್ಲಾಗಿಗ ಮಿತ್ರರು ಸಹಿಸಿಕೊಳ್ಳಬೇಕು. ಅವನು ಕೇಳಿದ ಪ್ರಶ್ನೆ ಮಾತ್ರ ಒಳ್ಳೆಯದೇ. ಅಲ್ಲಿ ಎಂತ ಉಂಟು?

ಬಯಲುಸೀಮೆಯ ಗೆಳೆಯರಿಗೆ ಮೊದಲು ಪದವು ಅಂದರೆ ಏನು ಅಂತ ಹೇಳಬೇಕು. ಬಂಟ್ವಾಳದಿಂದ ಸಿದ್ಧಕಟ್ಟೆ ಮೇಲಾಗಿ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗಿ. ಅಥವಾ ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಹೋಗಿ. ರಸ್ತೆ ಒಮ್ಮೆ ಅಡಿಕೆ ತೋಟದ ತಂಪಿಗೆ ಇಳಿಯುತ್ತದೆ, ಒಮ್ಮೆ ಗುಡ್ಡೆಯ ನೆತ್ತಿಗೆ ಏರುತ್ತದೆ. ಹಾಗೆ ಏರಿದಾಗ ಒಮ್ಮೆಲೇ ಆಕಾಶ ದೊಡ್ಡದಾಗುವ ಒಂದು ಸಪಾಟು ಜಾಗ ಬರುತ್ತದಲ್ಲ, ಅದು ಪದವು. ಕೆಳಗೆ ಮುರಕಲ್ಲು, ಮೇಲೆ ಒಂದು ಬೆರಳು ದಪ್ಪ ಮಣ್ಣು. ಮುಳಿಹುಲ್ಲು. ಅಲ್ಲೊಂದು ಇಲ್ಲೊಂದು ಕುಂಟಲ, ಕೇಪುಳ, ಕರಂಡೆ, ನೆಕ್ಕರೆ, ಚೂರಿಮುಳ್ಳಿನ ಪೊದೆ. ತಗ್ಗಿನಲ್ಲಿ ದನ ನೀರು ಕುಡಿಯುವ ಒಂದು ಮದಕ. ಅಷ್ಟೇ.

ತಮಾಷೆ ಏನೆಂದರೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಚಪ್ಪಲಿಗೂ ಪಾಚಿ ಹಿಡಿಯುವ ಊರು. ಅಂಥಾ ಊರಿನ ನೆತ್ತಿಯ ಮೇಲೆ ಕುರುಚಲು ಬಯಲು! ಕಾರಣ ಆ ಕಲ್ಲು. ತೂತು ತೂತು ಕಲ್ಲು, ತೆಳು ಮಣ್ಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರೋ ನೀರು; ಡಿಸೆಂಬರ್ ಕಳೆಯಿತು ಅಂದರೆ ಬಾಣಲೆ. ಮಳೆ ಕಮ್ಮಿಯಾಗಿ ಒಣಗಿದ್ದಲ್ಲ, ಬಿದ್ದ ಮಳೆ ಅಲ್ಲಿ ನಿಲ್ಲದೆ ಒಣಗಿದ್ದು. ನಾಲ್ಕು ತಿಂಗಳು ಜೌಗು, ನಾಲ್ಕು ತಿಂಗಳು ಮರುಭೂಮಿ, ನಡುವೆ ಹುಲ್ಲುಗಾವಲು. ಇಷ್ಟೂ ವೇಷ ಒಂದೇ ವರ್ಷದಲ್ಲಿ, ಒಂದೇ ಜಾಗದಲ್ಲಿ. ಯಕ್ಷಗಾನದ ಬಣ್ಣದ ವೇಷಧಾರಿಗೂ ಇಷ್ಟು ಬೇಗ ಚೌಕಿಯಲ್ಲಿ ಬಣ್ಣ ಬದಲಾಯಿಸಲಿಕ್ಕೆ ಆಗಲಿಕ್ಕಿಲ್ಲ :)

ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮೇಲೆ 1800-01ರಲ್ಲಿ ಕಂಪೆನಿ ಸರಕಾರದ ಅಪ್ಪಣೆಯ ಮೇರೆಗೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿದ ಡಾಕ್ಟರು. ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ದಾರಿಯಾಗಿಯೇ ಕಾರ್ಕಳಕ್ಕೆ ಹೋದವನು. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಕೇರಳದ ಅಂಗಡಿಪುರದ ಕಲ್ಲಿಗೆ ಈ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಲೇಟರ್ ಅಂದರೆ ಇಟ್ಟಿಗೆ. ಅಗೆಯುವಾಗ ಮೆತ್ತಗೆ, ಗಾಳಿಗೆ ಇಟ್ಟರೆ ಗಟ್ಟಿ. ನಾವು ಜಂಬಿಟ್ಟಿಗೆ ಅನ್ನುವ ಮಾತಿನಲ್ಲೂ ಇಟ್ಟಿಗೆ ಇದೆ ನೋಡಿ. ಅಂದರೆ ಇನ್ನೂರು ವರ್ಷದಿಂದ ಎಲ್ಲರೂ ಈ ಪದವನ್ನು ನೋಡಿದ್ದು ಇಟ್ಟಿಗೆಯಾಗಿಯೇ. ಮೇಲೆ ಇದ್ದದ್ದನ್ನು ಬಗ್ಗಿ ನೋಡಿದವರು ಕಮ್ಮಿ.

ನಾನೂ ನೋಡಿರಲಿಲ್ಲ. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಒಂದು ಅಕ್ಟೋಬರ್ ರಜೆಯಲ್ಲಿ ಪದವಿನಲ್ಲಿ ಕ್ರಿಕೆಟ್. ಬಾಲು ಹುಲ್ಲಿಗೆ ಹೋಯಿತು. ಹುಡುಕಲಿಕ್ಕೆ ಮೊಣಕಾಲೂರಿ ಬಗ್ಗಿದೆ. ಮುಖದ ಮುಂದೆಯೇ ಒಂದು ಬೂದಿ ಬಣ್ಣದ ಚೂರು ಎದ್ದು, ಒಂದು ಮಾರು ದೂರ ಹಾರಿ, ಮತ್ತೆ ಕೂತಿತು. ಮೊದಲು ಎಲ್ಲೋ ಕಾಗದದ ಬೂದಿ ಅಂದುಕೊಂಡೆ. ಗಾಳಿ ಇರಲಿಲ್ಲ. ಹತ್ತಿರ ಹೋದರೆ ಚಿಟ್ಟೆ! ನನ್ನ ಕಿರುಬೆರಳಿನ ಉಗುರಿನಷ್ಟು.

ಅದರ ಹೆಸರು ಗ್ರಾಸ್ ಜ್ಯುವೆಲ್. ಹುಲ್ಲಿನ ಒಡವೆ. ಎರಡೂ ರೆಕ್ಕೆ ಹರಡಿದರೂ ಒಂದೂವರೆಯಿಂದ ಎರಡು ಸೆಂಟಿಮೀಟರ್ ಅಷ್ಟೇ. ನಮ್ಮ ದೇಶದ ಅತಿ ಚಿಕ್ಕ ಚಿಟ್ಟೆಗಳಲ್ಲಿ ಒಂದು. ಶಾಸ್ತ್ರೀಯ ಹೆಸರು ಫ್ರೆಯೇರಿಯಾ ಪುಟ್ಲಿ. ಹಳೆಯ ಪುಸ್ತಕಗಳು ಇದನ್ನು ಟ್ರೋಕೈಲಸ್ ಅನ್ನುವ ಜಾತಿಯ ಒಳಗೇ ಸೇರಿಸುತ್ತಿದ್ದವು. ಪುಟ್ಲಿ ಅನ್ನುವ ಹೆಸರು ಕೊಟ್ಟದ್ದು ವಿಯೆನ್ನಾದ ಕೀಟತಜ್ಞ ವಿನ್ಸೆಂಟ್ಸ್ ಕೊಲ್ಲಾರ್, 1840ರ ದಶಕದಲ್ಲಿ. ಅವನಿಗೆ ಕನ್ನಡ ಬರುತ್ತಿತ್ತು ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಮನೆಯ ಕೊನೇ ಹುಡುಗಿಯನ್ನು ನಾವು ಹೇಗೆ ಕರೆಯುತ್ತೇವೋ ಸರಿಯಾಗಿ ಹಾಗೇ ಕರೆದಿದ್ದಾನೆ ಪುಣ್ಯಾತ್ಮ. ಹಾಗಾಗಿ ನಾನೂ ಪುಟ್ಲಿ ಅಂತಲೇ ಕರೆಯುವುದು.

ರೆಕ್ಕೆಯ ಮೇಲುಭಾಗ ಕಂದು. ಏನೂ ವಿಶೇಷ ಇಲ್ಲ, ಆಫೀಸಿಗೆ ಹಾಕಿಕೊಂಡು ಹೋಗುವ ಫಾರ್ಮಲ್ ಪ್ಯಾಂಟಿನ ಹಾಗೆ. ರೆಕ್ಕೆ ಮುಚ್ಚಿ ಕೂತಾಗ ನೋಡಬೇಕು. ಬೂದು ಬಿಳಿಯ ಮೇಲೆ ಕಂದು ಚುಕ್ಕೆಗಳ ರಂಗೋಲಿ, ಹಿಂರೆಕ್ಕೆಯ ಅಂಚಿನಲ್ಲಿ ಸಾಲಾಗಿ ಕಪ್ಪು ಬೊಟ್ಟು. ಆ ಬೊಟ್ಟಿನ ಸುತ್ತ ಕಿತ್ತಳೆ ಬಣ್ಣ, ಒಳಗೆ ಹಸಿರು ನೀಲಿಯಾಗಿ ಮಿನುಗುವ ಪುಡಿ. ಬಿಸಿಲು ಬಿದ್ದರೆ ಮೂಗುತಿಯ ಹರಳಿನಂತೆ ಫಳ್ಳಂತ ಹೊಳೆಯುತ್ತದೆ. ಒಡವೆ ಅಂತ ಹೆಸರಿಟ್ಟವರು ಸುಮ್ಮನೆ ಇಟ್ಟದ್ದಲ್ಲ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಚಿಟ್ಟೆ ಅಂದರೆ ಹೂವು ಅಂತ ನಾವು ಅಂದುಕೊಂಡಿದ್ದೇವೆ. ಹೂವು ಚಿಟ್ಟೆಗೆ ಹೋಟೆಲು ಮಾತ್ರ. ಮನೆ ಬೇರೆ ಇದೆ. ಪುಟ್ಲಿ ಮೊಟ್ಟೆ ಇಡುವುದು ನೆಲಕ್ಕೆ ಅಂಟಿಕೊಂಡು ಬೆಳೆಯುವ ಕೆಲವೇ ಕೆಲವು ಗಿಡಗಳ ಮೇಲೆ. ಹಿಂದೆ ಬಟ್ಟೆಗೆ ಬಣ್ಣ ಕೊಡುತ್ತಿದ್ದ ನೀಲಿ ಗಿಡದ ಕುಲದ, ನೆಲದ ಮೇಲೆ ಹರಡುವ ಇಂಡಿಗೋಫೆರಾಗಳು. ಎರಡೆರಡೇ ಎಲೆಯ ಝೋರ್ನಿಯಾ. ಚೇಳಿನ ಕೊಂಡಿಯಂತೆ ಹೂಗೊಂಚಲು ಸುರುಳಿ ಸುತ್ತಿರುವ ಹೀಲಿಯೋಟ್ರೋಪಿಯಂ. ನಮ್ಮ ಕಣ್ಣಿಗೆ ಇವೆಲ್ಲ "ಕಳೆ". ಕ್ರಿಕೆಟ್ ಪಿಚ್ ಮಾಡುವಾಗ ನಾನೇ ಎಷ್ಟು ಕಿತ್ತಿದ್ದೇನೋ.

ಮೊಟ್ಟೆಯೊಡೆದು ಬರುವ ಮರಿ ಹಸಿರು, ಚಪ್ಪಟೆ. ಎಲೆಯ ಮೇಲೇ ಇದ್ದರೂ ಕಾಣುವುದಿಲ್ಲ. ಆದರೆ ಅದನ್ನು ಹುಡುಕಲಿಕ್ಕೆ ಒಂದು ಉಪಾಯ ಇದೆ: ಇರುವೆ ನೋಡಿ. ಪುಟ್ಲಿ ಸೇರಿರುವ ಲೈಕೆನಿಡೇ ಕುಟುಂಬದಲ್ಲಿ, ಜೀವನಚಕ್ರ ಗೊತ್ತಿರುವ ಜಾತಿಗಳ ಪೈಕಿ ಸುಮಾರು ಮುಕ್ಕಾಲು ಪಾಲಿಗೆ ಇರುವೆಗಳ ಜೊತೆ ಏನಾದರೊಂದು ಸಂಬಂಧ ಇದೆ. ಮರಿಯ ಬೆನ್ನಿನ ತುದಿಯ ಹತ್ತಿರ ಒಂದು ಗ್ರಂಥಿ, ಅದರಿಂದ ಸಿಹಿ ರಸ. ಇರುವೆ ಬಂದು ಮೀಸೆಯಿಂದ ತಟ್ಟುತ್ತದೆ, ಮರಿ ಒಂದು ಹನಿ ಕೊಡುತ್ತದೆ. ಬದಲಿಗೆ ಇರುವೆ ಪಡೆ ಸುತ್ತ ಇರುವಾಗ ಮರಿಯ ಮೈಯಲ್ಲಿ ಮೊಟ್ಟೆ ಇಡಲು ಬರುವ ಕಣಜ, ತಿನ್ನಲು ಬರುವ ಜೇಡ ಹತ್ತಿರ ಸುಳಿಯುವುದಿಲ್ಲ. ಕೂಲಿ ಕೊಟ್ಟು ಕಾವಲು. ಪುಟ್ಲಿಯ ಮರಿಗೂ ಹೀಗೆ ಇರುವೆ ಕಾವಲು ಇದೆ.

ಅಂದರೆ ಲೆಕ್ಕ ಹಾಕಿ. ಪುಟ್ಲಿ ಬೇಕಾದರೆ ಆ ಗಿಡ ಬೇಕು. ಆ ಗಿಡಕ್ಕೆ ನೆತ್ತಿ ಸುಡುವ ಬಿಸಿಲು ಬೇಕು, ಹುಲ್ಲು ಗಿಡ್ಡವಾಗಿರಬೇಕು. ಇರುವೆ ಬೇಕು, ಇರುವೆಗೆ ಬಿಸಿ ನೆಲದ ಗೂಡು ಬೇಕು. ಹುಲ್ಲು ಗಿಡ್ಡವಾಗಿರಬೇಕಾದರೆ ದನ ಮೇಯಬೇಕು, ಯಾರಾದರೂ ಮುಳಿಹುಲ್ಲು ಕೊಯ್ಯಬೇಕು. ನಮ್ಮ ಅಜ್ಜಂದಿರು ಅದನ್ನೇ ಮಾಡುತ್ತಿದ್ದದ್ದು. ಪಟ್ಟಾ ಜಾಗದ ಸುತ್ತಲಿನ ನೂರು ಗಜ ಸರಕಾರಿ ಜಾಗ ಕುಮ್ಕಿ. ಅಲ್ಲಿಂದ ಸೊಪ್ಪು, ತರಗೆಲೆ, ಹುಲ್ಲು ತರುವ ಹಕ್ಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೂ ಬಡವರ ಮಾಡಿಗೆ ಎಷ್ಟೋ ವರ್ಷ ಮುಳಿಯೇ ಗತಿ. ಮದಕದಲ್ಲಿ ನೀರು ನಿಲ್ಲಿಸಿದರೆ ಕೆಳಗಿನ ಬಾವಿಗೆ ಒರತೆ ಅಂತ ಅವರಿಗೆ ಗೊತ್ತಿತ್ತು. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯ ಇಳಿಜಾರಿನಲ್ಲಿ ಒಬ್ಬರೇ ಸುರಂಗ ಕೊರೆದು, ಐದು ಸುರಂಗ ಬರಿದಾಗಿ ಆರನೆಯದರಲ್ಲಿ ನೀರು ಕಂಡದ್ದು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಆ ನೀರು ಎಲ್ಲಿಂದ ಬಂತು ಸ್ವಾಮೀ? ಮರ ಇಲ್ಲದ "ಹಾಳು ಗುಡ್ಡೆ"ಯ ಹೊಟ್ಟೆಯಿಂದಲೇ ಅಲ್ಲವಾ?

ಇಷ್ಟೆಲ್ಲ ಇರುವ ಜಾಗಕ್ಕೆ ನಮ್ಮ ಕಾಗದಪತ್ರದಲ್ಲಿ ಏನು ಹೆಸರು ಗೊತ್ತಾ? ಪಹಣಿಯಲ್ಲಿ "ಖರಾಬು". ದಿಲ್ಲಿಯಲ್ಲಿ "ವೇಸ್ಟ್‌ಲ್ಯಾಂಡ್". ಕೇಂದ್ರದ ಭೂಸಂಪನ್ಮೂಲ ಇಲಾಖೆ ಮತ್ತು ಹೈದರಾಬಾದಿನ ದೂರಸಂವೇದಿ ಕೇಂದ್ರ ಸೇರಿ ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್ ಅಂತ ಒಂದು ಪುಸ್ತಕ ತರುತ್ತಾರೆ. 2019ರ ಆವೃತ್ತಿಯ ಪ್ರಕಾರ ದೇಶದ ಸುಮಾರು ಶೇಕಡಾ 17ರಷ್ಟು ನೆಲ ವ್ಯರ್ಥ. ಅದರಲ್ಲಿ "ದಟ್ಟ ಕುರುಚಲು", "ವಿರಳ ಕುರುಚಲು" ಅಂತಲೇ ಬೇರೆ ಬೇರೆ ವರ್ಗ ಇವೆ. ಅಂದರೆ ಕುರುಚಲು ಇದೆ ಅನ್ನುವುದೇ ವ್ಯರ್ಥ ಅನ್ನುವುದಕ್ಕೆ ಪುರಾವೆ!

ನಾನು ಹೊಟ್ಟೆಪಾಡಿಗೆ ಡೇಟಾಬೇಸ್ ಮುಂದೆ ಕೂರುವವನು. ನಮ್ಮಲ್ಲಿ ಹೊಸಬರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ: ನಲ್ ಬೇರೆ, ಸೊನ್ನೆ ಬೇರೆ. ಸೊನ್ನೆ ಅಂದರೆ ಎಣಿಸಿದೆ, ಏನೂ ಇಲ್ಲ. ನಲ್ ಅಂದರೆ ಇನ್ನೂ ಎಣಿಸಿಲ್ಲ. ನಲ್ ಇದ್ದ ಕಡೆ ಸೊನ್ನೆ ಅಂತ ತುಂಬಿಸಿ ಲೆಕ್ಕ ಕೊಟ್ಟರೆ ಮ್ಯಾನೇಜರ್ ಬಿಡುವುದಿಲ್ಲ. ಪದವಿನ ವಿಷಯದಲ್ಲಿ ಸರಕಾರ, ಸಂಘಸಂಸ್ಥೆ, ನಾನು, ನೀವು ಎಲ್ಲರೂ ಇದೇ ತಪ್ಪು ಮಾಡಿದ್ದೇವೆ. ಎಣಿಸದೆ ಸೊನ್ನೆ ಅಂತ ಬರೆದಿದ್ದೇವೆ. ಆಮೇಲೆ ಆ ಸೊನ್ನೆಯನ್ನು ತುಂಬಲಿಕ್ಕೆ ಹೊರಟಿದ್ದೇವೆ.

ಮೊದಲು ತುಂಬಿದ್ದು ಗೇರು. ಗೇರುಹಣ್ಣಿನ ಮೇಲೆ ನನಗೇನೂ ದ್ವೇಷ ಇಲ್ಲ, ಬೇಸಿಗೆ ರಜೆಯ ಅರ್ಧ ಕಳೆದದ್ದು ಅದರ ಅಡಿಯಲ್ಲೇ. ಆದರೆ "ಪಾಳು" ಗುಡ್ಡೆಗಳಿಗೆ ಸಾಲು ಸಾಲಾಗಿ ಗೇರು ಬಂದ ಮೇಲೆ ಗೇರಿನ ಹಿಂದೆ ಟೀ ಸೊಳ್ಳೆ ಬಂತು, ಟೀ ಸೊಳ್ಳೆಯ ಹಿಂದೆ ಹೆಲಿಕಾಪ್ಟರ್ ಬಂತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಪಕ್ಕದ ಕಾಸರಗೋಡಿನಲ್ಲೂ ಇದೇ ಕತೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕುವಷ್ಟರಲ್ಲಿ ಆ ಊರಿನ ಮಕ್ಕಳ ಮೈಮೇಲೆ ಅದರ ಗುರುತು ಬಿದ್ದಾಗಿತ್ತು. ಇವತ್ತಿಗೂ ಅಲ್ಲಿ ಮಲಗಿದಲ್ಲೇ ಇರುವ ಮಕ್ಕಳಿದ್ದಾರೆ, ಅವರನ್ನು ನೋಡಿಕೊಳ್ಳುತ್ತಾ ಮುದಿಯಾಗುತ್ತಿರುವ ಅಮ್ಮಂದಿರಿದ್ದಾರೆ. ಗುಡ್ಡೆಯಲ್ಲಿ ಯಾರೂ ಇಲ್ಲ, ಏನೂ ಇಲ್ಲ ಅಂದುಕೊಂಡರೆ ಮಾತ್ರ ಮೇಲಿನಿಂದ ವಿಷ ಸುರಿಯಲಿಕ್ಕೆ ಕೈ ಬರುತ್ತದೆ. ಸೊನ್ನೆ ಅಂತ ಬರೆದದ್ದರ ಬೆಲೆ ಬರೀ ಚಿಟ್ಟೆ ಕೊಡುವುದಿಲ್ಲ.

ಎರಡನೆಯದು ಅಕೇಶಿಯಾ. ಇಲ್ಲಿ ನನ್ನದೇ ತಪ್ಪೊಪ್ಪಿಗೆ ಇದೆ. ಎರಡನೇ ವರ್ಷದ ಇಂಜಿನಿಯರಿಂಗಿನಲ್ಲಿ ಎನ್ನೆಸ್ಸೆಸ್ ಶಿಬಿರಕ್ಕೆ ಹೋಗಿದ್ದೆ. ಒಂದು ಪದವಿನಲ್ಲಿ ನಾವು ಹುಡುಗರು ಹಾರೆ ಹಿಡಿದು, ಕಲ್ಲು ಒಡೆದು, ಬೆವರು ಸುರಿಸಿ ಮುನ್ನೂರು ಗಿಡ ನೆಟ್ಟೆವು. ಕೈಯಲ್ಲಿ ಗುಳ್ಳೆ. ಸಂಜೆ ಗುಂಪು ಫೋಟೋ. ಆ ರಾತ್ರಿ ಬಂದಂಥಾ ನಿದ್ದೆ ನನಗೆ ಮತ್ತೆ ಬಂದಿಲ್ಲ, ಅಷ್ಟು ಒಳ್ಳೆಯ ಕೆಲಸ ಮಾಡಿದೆವು ಅನ್ನುವ ಸಮಾಧಾನ. ಬಾಲು ಹುಡುಕುವಾಗ ಪುಟ್ಲಿ ಸಿಕ್ಕಿದ್ದು ಅದರ ಮರುವರ್ಷ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ಪದವಿಗೆ ಹೋದೆ. ಗಿಡ ಸತ್ತಿಲ್ಲ, ಚೆನ್ನಾಗಿ ಬೆಳೆದು ನಿಂತಿದೆ. ಅದೇ ಸಂಕಟ. ಕೆಳಗೆ ಅಕೇಶಿಯಾದ ಕುಡುಗೋಲಿನಂಥಾ ಎಲೆ ದಪ್ಪವಾಗಿ ಹಾಸಿದೆ, ಬೇಗ ಕೊಳೆಯುವುದೂ ಇಲ್ಲ. ದನ ತಿನ್ನುವುದಿಲ್ಲ. ಹುಲ್ಲು ಇಲ್ಲ. ನೀಲಿಯ ತಂಗಿಯಂದಿರು ಇಲ್ಲ. ಅರ್ಧ ಗಂಟೆ ಕುಕ್ಕರಗಾಲಲ್ಲಿ ಹುಡುಕಿದೆ. ಒಂದೇ ಒಂದು ಪುಟ್ಲಿ ಇಲ್ಲ. ಮೂಲತಃ ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಮರ ಅದು. ನ್ಯಾಯವಾಗಿ ಹೇಳಬೇಕೆಂದರೆ ಬೇಗ ಬೆಳೆಯುತ್ತದೆ, ಸೌದೆ ಕೊಡುತ್ತದೆ, ಬೇರಿನಲ್ಲಿ ಸಾರಜನಕ ಹಿಡಿಯುತ್ತದೆ. ಕಲ್ಲಿನ ಮೇಲೂ ಬದುಕುವ ಮರ ಅಂತಲೇ ಅದನ್ನು ಆರಿಸಿದರು. ಸೌದೆ ಬೇಕಾದಲ್ಲಿ ಅದು ಸರಿ. ಆದರೆ ನಾನು ನೆಟ್ಟದ್ದು ಸೌದೆಗಲ್ಲ, "ಪರಿಸರ ಉಳಿಸಲು". ಪರಿಸರ ಅಲ್ಲಿ ಮೊದಲೇ ಇತ್ತು. ನಾನು ಅದರ ಮೇಲೆ ಹಾರೆ ಹಾಕಿದೆ.

ಪುಟ್ಲಿಗೆ ಇದೇಕೆ ಅಷ್ಟು ದೊಡ್ಡ ಪೆಟ್ಟು? ಪಕ್ಕದ ಗುಡ್ಡೆಗೆ ಹಾರಿ ಹೋಗಬಾರದಾ? ಅದು ಹಾರುವುದನ್ನು ಒಮ್ಮೆ ನೋಡಿ ಮಾತಾಡಿ. ನೆಲದಿಂದ ಒಂದು ಗೇಣು ಮೇಲೆ, ಎರಡು ಮಾರು ದೂರ, ಮತ್ತೆ ಕೂರುವುದು. ಪಕ್ಕದ ಪದವಿಗೂ ಇದಕ್ಕೂ ನಡುವೆ ಕೆಳಗೆ ಅಡಿಕೆ ತೋಟದ ಕತ್ತಲೆ, ರಸ್ತೆ, ರಬ್ಬರು. ಪ್ರತಿ ಪದವೂ ಒಂದು ದ್ವೀಪ. ನಾವು ದ್ವೀಪಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದೇವೆ, ಅದೂ ಶಾಲೆಯ ಮಕ್ಕಳ ಕೈಯಲ್ಲಿ, ಬ್ಯಾನರ್ ಕಟ್ಟಿ, ಲಡ್ಡು ಹಂಚಿ.

ಇದು ನಮ್ಮೂರಿನ ಯುವಕ ಮಂಡಲದ ಬುದ್ಧಿ ಮಾತ್ರ ಅಲ್ಲ. 2023ರಲ್ಲಿ ಕೇಂದ್ರ ಸರಕಾರ ಹಸಿರು ಸಾಲ, ಅಂದರೆ ಗ್ರೀನ್ ಕ್ರೆಡಿಟ್ ನಿಯಮ ತಂದಿತು. 2024ರ ಫೆಬ್ರವರಿಯಲ್ಲಿ ಹೊರಡಿಸಿದ ವಿಧಾನದಲ್ಲಿ ಗಿಡ ನೆಡಲು ಗುರುತಿಸಬೇಕಾದ "ಹಾಳಾದ ಜಾಗ"ದ ಪಟ್ಟಿಯಲ್ಲಿ ಕುರುಚಲು ಭೂಮಿಯನ್ನೂ ಸೇರಿಸಿದರು, ಹೆಕ್ಟೇರಿಗೆ ಕನಿಷ್ಠ 1100 ಮರ ಅಂತ ಲೆಕ್ಕ ಕೊಟ್ಟರು. ಹೆಕ್ಟೇರಿಗೆ 1100! ಅಷ್ಟು ಒತ್ತಾಗಿ ಮರ ನಿಂತರೆ ನೆಲಕ್ಕೆ ಬಿಸಿಲು ಬೀಳುವುದು ಎಲ್ಲಿಂದ? ಎಲ್ಲೋ ಒಂದು ಕಡೆ ನಿಜವಾದ ಕಾಡು ಕಡಿದ ಲೆಕ್ಕಕ್ಕೆ, ಇನ್ನೊಂದು ಕಡೆ ನಿಜವಾದ ಹುಲ್ಲುಗಾವಲು ಮುಚ್ಚಿ ಸರಿದೂಗಿಸುವುದು. ಎರಡೂ ಕಡೆ ಲುಕ್ಸಾನು, ಕಾಗದದಲ್ಲಿ ಮಾತ್ರ ಲಾಭ.

ಇನ್ನೊಂದು ಬೇಸರ. ನಮಗೆ ಕಾಣುವುದು ದೊಡ್ಡದು ಮಾತ್ರ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ರೆಕ್ಕೆ ಹರಡಿದರೆ ಒಂದು ಗೇಣು ಹತ್ತಿರ. ಅದಕ್ಕೆ ಮರ್ಯಾದೆ ಕೊಟ್ಟದ್ದು ಸರಿಯೇ. ಅದು ಮಳೆಕಾಡಿನ ಅಂಚಿನ ರಾಣಿ. ಆದರೆ ಅದರ ಒಂದು ರೆಕ್ಕೆಯ ಮೇಲೆ ನಾಲ್ಕೈದು ಪುಟ್ಲಿಗಳು ಸಾಲಾಗಿ ಕೂರಬಹುದು. ಹಾಗಂತ ಪುಟ್ಲಿಗೆ ಓಟಿಲ್ಲವಾ? ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಸೆಪ್ಟೆಂಬರಿನಲ್ಲಿ ಹೂ ನೋಡಲಿಕ್ಕೆ ನನ್ನ ಆಫೀಸಿನವರೇ ರಾತ್ರಿಯಿಡೀ ಕಾರು ಓಡಿಸಿ ಹೋಗಿ, ಟಿಕೆಟ್ ಕೊಟ್ಟು, ಫೋಟೋ ತೆಗೆದು ಬರುತ್ತಾರೆ. ಅದೂ ಮುರಕಲ್ಲಿನ ನೆತ್ತಿಯೇ! ಅಲ್ಲಿ ಹೂವಿನ ಕಣಿವೆ, ಇಲ್ಲಿ ಖರಾಬು. ಸೆಪ್ಟೆಂಬರಿನಲ್ಲಿ ನಮ್ಮ ಪದವಿನಲ್ಲೂ ನೀರು ನಿಂತ ತಗ್ಗುಗಳಲ್ಲಿ ಕಡಲೆಕಾಳಿನಷ್ಟು ನೇರಳೆ ಹೂ ಬಿಡುವ ಕೀಟಾಹಾರಿ ಗಿಡಗಳಿವೆ, ಬಿಳಿ ಗುಂಡಿಯಂಥಾ ಹೂವಿನ ಹುಲ್ಲುಗಳಿವೆ. ನೋಡಲಿಕ್ಕೆ ಟಿಕೆಟ್ ಬೇಡ. ಬಗ್ಗಬೇಕು ಅಷ್ಟೇ.

ಬಗ್ಗಿ ನೋಡಿದವರು ಇಲ್ಲ ಅಂತಲ್ಲ. ಮೂಡುಬಿದಿರೆ ಪಕ್ಕದ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು ತಮ್ಮ ಏಳು ಎಕರೆ ಚಿಲ್ಲರೆ ಜಾಗದಲ್ಲಿ ಚಿಟ್ಟೆ ಪಾರ್ಕ್ ಮಾಡಿದ್ದಾರೆ. ಬಲೆ ಇಲ್ಲ, ಗಾಜಿನ ಮನೆ ಇಲ್ಲ. ಮರಿಗಳು ತಿನ್ನುವ ಗಿಡ ಬೆಳೆಸಿದರೆ ಚಿಟ್ಟೆ ತಾನಾಗಿ ಬರುತ್ತದೆ ಅನ್ನುವುದೇ ಅಲ್ಲಿನ ಪಾಠ. ಬೆಂಗಳೂರಿನಲ್ಲಿ ಕೂತ ಕೃಷ್ಣಮೇಘ್ ಕುಂಟೆಯಂಥಾ ವಿಜ್ಞಾನಿಗಳು ದೇಶದ ಚಿಟ್ಟೆಗಳ ದೊಡ್ಡ ಜಾಲತಾಣವನ್ನೇ ಕಟ್ಟಿದ್ದಾರೆ; ಮೊಬೈಲಿನಲ್ಲಿ ತೆಗೆದ ಫೋಟೋದಿಂದ ಹೆಸರು ಹುಡುಕಲು ನನ್ನಂಥವನಿಗೂ ಸಾಧ್ಯ. ಜ್ಞಾನ ಇದೆ. ಅದು ಹಾರೆ ಹಿಡಿದವನ ಕೈಗೆ ತಲುಪಿಲ್ಲ.

ಈಗ ನನ್ನನ್ನು ನೀವು ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆ: "ಬೆಂಗಳೂರಿನ ಏಸಿಯಲ್ಲಿ ಕೂತು ಬರೆಯುವುದು ಸುಲಭ ಮಾರಾಯಾ, ಊರಲ್ಲಿ ಇದ್ದವರು ಏನು ಮಾಡಬೇಕು?"

ಇದನ್ನು ನನ್ನ ಅಪ್ಪನೇ ಕೇಳಿದ್ದಾರೆ. ತೋಟದ ಮೇಲ್ಭಾಗಕ್ಕೆ ನಮ್ಮದೇ ಎರಡು ಎಕರೆ ವರ್ಗ ಜಾಗ ಇದೆ, ಪದವಿಗೆ ಸೇರಿದ ಹಾಗೆ. ಕಲ್ಲಿನ ಕೋರೆಯವರೊಬ್ಬರು ಬಂದು ಒಳ್ಳೆಯ ರೇಟು ಹೇಳಿ ಹೋಗಿದ್ದಾರೆ. ಅಡಿಕೆಗೆ ಎರಡು ವರ್ಷದಿಂದ ಎಲೆಚುಕ್ಕಿ. ತಂಗಿಯ ಮದುವೆ ಆಗಬೇಕು. ಅಪ್ಪ ಹೇಳಿದ್ದು ಇಷ್ಟೇ: "ನೀನು ಈಗ ಕೂತಿರುವ ಈ ಜಗಲಿ ಯಾವ ಕಲ್ಲಿನದ್ದು ಮಗ?"

ಉತ್ತರ ಇಲ್ಲ. ನಮ್ಮ ಮನೆ ಕೆಂಪುಕಲ್ಲಿನದ್ದೇ. ಹಳ್ಳಿಯ ಶಾಲೆಯೂ, ದೈವದ ಗುಡಿಯ ಪಾಗಾರವೂ. 2025ರಲ್ಲಿ ಜಿಲ್ಲೆಯಲ್ಲಿ ಕಲ್ಲು, ಮರಳು ಸಿಗದೆ ಕಟ್ಟಡ ಕೆಲಸ ನಿಂತು ಮೇಸ್ತ್ರಿಗಳೂ ಕೂಲಿಯವರೂ ಕೈ ಕಟ್ಟಿ ಕೂತದ್ದನ್ನು ನೋಡಿದ್ದೇವೆ. ಕಲ್ಲೇ ತೆಗೆಯಬೇಡಿ ಅಂತ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಕೈಯಲ್ಲಿ ಕೊಡಲಿ ಹಿಡಿದು ಕಲ್ಲು ಕಡಿಯುವ ಕಾಲದ ಹಸಿವು ಬೇರೆ, ಮೆಷಿನ್ ಇಟ್ಟು ಒಂದೇ ಬೇಸಿಗೆಯಲ್ಲಿ ಇಡೀ ನೆತ್ತಿ ಹಾರಿಸುವ ಹಸಿವು ಬೇರೆ. ಕಡಿದ ಮರ ಮತ್ತೆ ಚಿಗುರಬಹುದು. ಲಕ್ಷಾಂತರ ವರ್ಷದಲ್ಲಿ ಕೂಡಿದ ಕಲ್ಲಿನ ತಲೆ ಹೋದರೆ ಹೋಯಿತು. ಉಳಿಯುವುದು ಮಳೆಗಾಲದಲ್ಲಿ ನೀರು ತುಂಬಿ ನಿಲ್ಲುವ, ಬೇಲಿ ಇಲ್ಲದ ಹೊಂಡ. ಅಂಥಾ ಹೊಂಡಕ್ಕೆ ಮಕ್ಕಳು ಬಿದ್ದ ಸುದ್ದಿ ಪೇಪರಿನಲ್ಲಿ ಓದಿ ನಿಟ್ಟುಸಿರು ಬಿಟ್ಟು ಪುಟ ಮಗುಚುತ್ತೇವೆ.

ಅಪ್ಪನ ಹತ್ತಿರ ನಾನು ತಿಂಗಳಿಗೆ ಇಷ್ಟು ಅಂತ ಹೆಚ್ಚು ಕಳಿಸುತ್ತೇನೆ, ಮೇಲಿನ ಎರಡು ಎಕರೆ ಹಾಗೇ ಇರಲಿ ಅಂದೆ. ಅಪ್ಪ ಎಲೆಯಡಿಕೆ ಜಗಿಯುತ್ತಾ ಸ್ವಲ್ಪ ಹೊತ್ತು ನೋಡಿ, "ಚಿಟ್ಟೆಗೆ ಬಾಡಿಗೆ ಕಟ್ಟುವ ಮೊದಲನೇ ಮನುಷ್ಯ ನೀನೇ ಇರಬೇಕು" ಅಂದರು. ಸದ್ಯಕ್ಕೆ ಕೋರೆಯವರಿಗೆ "ನೋಡುವ" ಅಂತ ಹೇಳಿದ್ದಾರೆ. ಊರಿನ ಭಾಷೆಯಲ್ಲಿ "ನೋಡುವ" ಅಂದರೆ ಬೇಡ ಅಂತ ಅಲ್ಲ. ನನಗೆ ಗೊತ್ತಿದೆ. ಎಲ್ಲ ಅಪ್ಪಂದಿರಿಗೂ ಬೆಂಗಳೂರಿನಲ್ಲಿ ಸಂಬಳದ ಮಗ ಇರುವುದಿಲ್ಲ ಅನ್ನುವುದೂ ಗೊತ್ತಿದೆ. ಹಾಗಾಗಿ ಇದು ಒಬ್ಬೊಬ್ಬರ ತ್ಯಾಗದಿಂದ ಉಳಿಯುವ ವಿಷಯ ಅಲ್ಲ. ಸರಕಾರಿ ಪದವುಗಳನ್ನಾದರೂ "ಖಾಲಿ" ಅನ್ನುವ ಕಾಲಮ್ಮಿನಿಂದ ತೆಗೆಯಬೇಕು. ಕಾಡಿಗೆ ಒಂದು ಹೆಸರಿದೆ, ಕೆರೆಗೆ ಒಂದು ಹೆಸರಿದೆ, ಹೊಲಕ್ಕೆ ಇದೆ. ಪದವಿಗೆ ಪಹಣಿಯಲ್ಲಿ ಪದವು ಅಂತಲೇ ಒಂದು ಹೆಸರು ಬೇಕು.

"ಒಂದು ಉಗುರಿನಷ್ಟು ಚಿಟ್ಟೆಗೆ ಇಷ್ಟೊಂದು ಗಲಾಟೆಯಾ?" ಅನ್ನುವವರಿಗೆ: ಪುಟ್ಲಿ ಅಪರೂಪದ ಚಿಟ್ಟೆಯೇ ಅಲ್ಲ. ದೇಶದ ಉದ್ದಗಲಕ್ಕೂ ಒಣ ಹುಲ್ಲಿನ ಬಯಲಿರುವಲ್ಲಿ ಇದೆ. ನಾಳೆ ಬೆಳಿಗ್ಗೆ ಅಳಿದುಹೋಗುತ್ತದೆ ಅಂತ ಹೆದರಿಸಿ ನಿಮ್ಮ ಕಣ್ಣೀರು ತರಿಸುವ ಉದ್ದೇಶ ನನಗಿಲ್ಲ. ನನ್ನ ವಾದವೇ ಬೇರೆ. ಅಷ್ಟು ಸಾಮಾನ್ಯವಾದದ್ದನ್ನು, ಕಾಲ ಕೆಳಗೇ ಇದ್ದದ್ದನ್ನು ಇಪ್ಪತ್ತು ವರ್ಷ ನಾನು ನೋಡಲಿಲ್ಲ. ನೋಡದೆ ಅದರ ಮನೆಯ ಮೇಲೆ ಮುನ್ನೂರು ಮರ ನೆಟ್ಟೆ. ನೆಟ್ಟದ್ದಕ್ಕೆ ಸರ್ಟಿಫಿಕೇಟ್ ತೆಗೆದುಕೊಂಡೆ. ಕಾಡು ಕಡಿಯುವವನಿಗೆ ರಾತ್ರಿ ಒಂದಲ್ಲ ಒಂದು ದಿನ ಪಾಪಪ್ರಜ್ಞೆ ಕಾಡಬಹುದು. ನಮ್ಮಂಥವರಿಗೆ ಅದೂ ಇಲ್ಲ. ಪುಣ್ಯ ಅಂದುಕೊಂಡು ಮಾಡುವ ನಾಶಕ್ಕೆ ಕೊನೆ ಹೇಗೆ?

"ಹಾಗಾದರೆ ಗಿಡವೇ ನೆಡಬಾರದಾ?" ನೆಡಿ ಮಾರಾಯ್ರೇ! ರಸ್ತೆ ಅಗಲ ಮಾಡುವಾಗ ಕಡಿದ ಸಾಲುಮರಗಳ ಜಾಗದಲ್ಲಿ ನೆಡಿ. ಶಾಲೆಯ ಅಂಗಳದಲ್ಲಿ ನೆಡಿ. ತೋಡಿನ ಬದಿಯಲ್ಲಿ, ಹಿಂದೆ ಕಾಡಿದ್ದು ಈಗ ಬೋಳಾದ ಕಡೆ ಹಲಸು, ಪುನರ್ಪುಳಿ, ಹೊನ್ನೆ, ಕಾಟುಮಾವು ನೆಡಿ. ನಾನು ದುಡ್ಡೂ ಕೊಡುತ್ತೇನೆ, ಹಾರೆಯೂ ಹಿಡಿಯುತ್ತೇನೆ. ಪದವಿಗೆ ಮಾತ್ರ ಕೈ ಹಾಕುವ ಮೊದಲು ಒಂದು ವರ್ಷ ಕಾಯಿರಿ. ಮಳೆಯಲ್ಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ, ಕಡು ಬೇಸಿಗೆಯಲ್ಲೊಮ್ಮೆ ಹೋಗಿ ನೋಡಿ. ಎಣಿಸಿ. ಎಣಿಸಿಯೂ ಸೊನ್ನೆಯೇ ಬಂದರೆ ಆಮೇಲೆ ನನ್ನನ್ನು ಬೈಯಿರಿ.

ಇದನ್ನೆಲ್ಲ ಮೊನ್ನೆ ಗೆಳೆಯನಿಗೆ ಮತ್ತೆ ಫೋನ್ ಮಾಡಿ ಹೇಳಿದೆ. ನಡುನಡುವೆ "ಹೂಂ" ಅನ್ನುತ್ತಿದ್ದ. ಕೊನೆಗೆ, "ಆಯ್ತು, ಈ ಜುಲೈಗೆ ಗಿಡಗಳನ್ನು ಶಾಲೆ ಗ್ರೌಂಡಿನ ಸುತ್ತ ಹಾಕುವ. ಪದವಿನದ್ದು ಆಮೇಲೆ. ಅಕ್ಟೋಬರಿನಲ್ಲಿ ನೀನೇ ಬಂದು ನಮ್ಮ ಹುಡುಗರಿಗೆ ಆ ಪುಟ್ಲಿಯನ್ನು ತೋರಿಸಬೇಕು. ತೋರಿಸಲಿಕ್ಕೆ ಆಗದಿದ್ದರೆ ಮುಂದಿನ ವರ್ಷ ಸಾವಿರ ಗಿಡ, ಅಷ್ಟೂ ಖರ್ಚು ನಿನ್ನದು" ಅಂದ.

ಒಪ್ಪಿದ್ದೇನೆ. ಅಕ್ಟೋಬರಿಗೆ ಈಗಲೇ ರಜೆ ಹಾಕಿಟ್ಟಿದ್ದೇನೆ. ಬೆಳಿಗ್ಗೆ ಹತ್ತು ಗಂಟೆ ಬಿಸಿಲಿಗೆ ಹೋಗಬೇಕು, ಲುಂಗಿ ಎತ್ತಿ ಕಟ್ಟಿ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂರಬೇಕು, ಮೊದಲು ಇರುವೆ ಹುಡುಕಬೇಕು. ಮಂಗಳೂರು ಕಡೆಯ ಬ್ಲಾಗಿಗರು ಯಾರಾದರೂ ಬರುವವರಿದ್ದರೆ ತಿಳಿಸಿ. ಬಾಳೆಎಲೆ ಊಟ ನಮ್ಮನೆಯಲ್ಲಿ, ಅಮ್ಮನ ಕೈಯದ್ದು. ಬರಲಿಕ್ಕೆ ಆಗದವರು ನಿಮ್ಮ ನಿಮ್ಮ ಊರಿನ "ಪಾಳು" ಜಾಗಕ್ಕೆ ಹೋಗಿ ಅರ್ಧ ಗಂಟೆ ಬಗ್ಗಿ ನೋಡಿ, ಅಲ್ಲಿ ಎಂತ ಉಂಟು ಅಂತ ಬರೆಯಿರಿ. ಒಬ್ಬೊಬ್ಬರು ಒಂದೊಂದು ಬರೆದರೂ ಸಾಕು, ಆ ಕಾಲಮ್ಮಿನಲ್ಲಿ ಸೊನ್ನೆ ಉಳಿಯುವುದಿಲ್ಲ.